ಲೇಪದ ಬಾಳಿಕೆ

"ಚಿನ್ನದ ಲೇಪ ಎಷ್ಟು ಮೈಕ್ರಾನ್ ಇದೆ?" ಎಂದು ಸೊಸೆ ಕೇಳಿದ ಕೂಡಲೇ ಅಂಗಡಿಯವನ ನಗು ಅರ್ಧಕ್ಕೇ ನಿಂತಿತು. ಹದಿನೈದು ವರ್ಷದಿಂದ ಲೇಪದ ಒಡವೆ ಮಾರುತ್ತಿದ್ದ ಅವನನ್ನು ಗಿರಾಕಿಗಳು ಬೆಲೆ ಕೇಳಿದ್ದರು, ಕಪ್ಪಾಗಲ್ಲ ತಾನೇ ಎಂದು ಕೇಳಿದ್ದರು. ಲೇಪದ ದಪ್ಪ ಕೇಳಿದ ಪುಣ್ಯಾತ್ಗಿತ್ತಿ ಇವಳೇ ಮೊದಲು.

"ಒಳ್ಳೆ ದಪ್ಪಾನೇ ಇದೆ ಮೇಡಂ. ಐದು ವರ್ಷ ಗ್ಯಾರಂಟಿ."

"ಗ್ಯಾರಂಟಿ ನಿಮ್ಮ ಬಾಯಲ್ಲಿದೆ, ಲೇಪ ಸರದ ಮೇಲಿರಬೇಕು. ಅಡಿಯಲ್ಲಿರೋದು ತಾಮ್ರಾನಾ, ಹಿತ್ತಾಳೆನಾ? ಕೊಂಡಿ ಹತ್ರ ತೋರಿಸಿ. ಬಣ್ಣ ಮೊದಲು ಬಿಡೋದು ಅಲ್ಲೇ."

ಪಾಪ, ಅವನಿಗೇನು ಗೊತ್ತು! ಅವಳು ನಲ್ಲಿ ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಲೇಪ ಪರೀಕ್ಷೆ ಮಾಡುವವಳು. ಥಳಥಳ ಹೊಳೆಯುವ ನಲ್ಲಿಯನ್ನು ರಬ್ಬರಿನಿಂದ ಉಜ್ಜಿ, ಒಳಗಿನ ಹಿತ್ತಾಳೆ ಚೂರು ಇಣುಕಿದರೂ ಮುಲಾಜಿಲ್ಲದೆ ಎತ್ತಿ ರದ್ದಿ ಬುಟ್ಟಿಗೆ ಎಸೆಯುವ ಕೈ ಅದು. ಇನ್ನು ನಾಲ್ಕು ದಿನಕ್ಕೆ ಮಗಳ ಮದುವೆ. ಮನೆಯಲ್ಲಿದ್ದ ಚಿನ್ನವೆಂದರೆ ಅವಳ ಕತ್ತಿನ ಸರವೊಂದೇ, ಅದು ಮಗಳಿಗೆ ಹೋಗಬೇಕು. ಬೀಗರ ಮುಂದೆ ಬೋಳು ಕತ್ತಿನಲ್ಲಿ ನಿಲ್ಲಲಾಗದೆ, ಅದರಂಥದೇ ಒಂದು ಲೇಪದ ಸರ ಕೊಳ್ಳಲು ಅತ್ತೆಯನ್ನು ಕರೆದುಕೊಂಡು ಬಂದಿದ್ದಳು.

ಅತ್ತೆ ಸ್ಟೂಲಿನ ತುದಿಯಲ್ಲಿ, ಯಾವುದನ್ನೂ ಮುಟ್ಟದೆ ಕೂತಿದ್ದಳು. "ನಕಲಿ ಮಾಲು ಹತ್ರ ಬಂದ್ರೇ ಸಾಕು, ನನ್ನ ಕತ್ತು ಕೆರೆಯೋಕೆ ಶುರುವಾಗುತ್ತೆ. ಇವಳಿಗೆ ಕೊಡೋಕೆ ಮುಂಚೆ ಆ ಸರಾನ ಮೂವತ್ತು ವರ್ಷ ಹಾಕ್ಕೊಂಡಿದ್ದೆ. ಒಂದು ದಿನಾನೂ ಕೆರೆದುಕೊಂಡವಳಲ್ಲ. ಬೆಳ್ಳಗಿರೋದೆಲ್ಲ ಹಾಲಾಗುತ್ತೇನಪ್ಪ?"

ಅಂಗಡಿಯವನಿಗೆ ರೇಗಿತು. ಮೂರು ಸರ ತೆಗೆದು ಗಾಜಿನ ಮೇಲೆ ಇಟ್ಟ. "ಬೇಕಾದ್ರೆ ಪರೀಕ್ಷೆ ಮಾಡ್ಕೊಳ್ಳಿ. ನಾನೇನು ಹೆದರಲ್ಲ."

ಹೆದರಬೇಕಿತ್ತು. ಸೊಸೆ ಚೀಲದಿಂದ ಶಾಯಿ ಅಳಿಸುವ ರಬ್ಬರ್ ತೆಗೆದು, ಕೊಂಡಿಯ ಹಿಂಭಾಗವನ್ನು ಎಣಿಸುತ್ತಾ ಉಜ್ಜತೊಡಗಿದಳು. ಮೊದಲನೆಯದು ಮೂವತ್ತಕ್ಕೆ ಕೆಂಪಾಯಿತು. ಎರಡನೆಯದು ನಲವತ್ತೈದಕ್ಕೆ. ಮೂರನೆಯದು ಹೇಗೋ ಏದುಸಿರು ಬಿಡುತ್ತಾ ಅರವತ್ತು ಮುಟ್ಟಿತು.

"ಹೀಗೆ ಉಜ್ಜಿದ್ರೆ ಅಪ್ಪಟ ಚಿನ್ನಾನೂ ಸವೆದುಹೋಗುತ್ತೆ ಮೇಡಂ!" ಎಂದು ಅಂಗಡಿಯವ ಕಿರುಚಿದ.

ಸೊಸೆಯ ಕೈ ನಿಂತಿತು. ಮಾತು ನ್ಯಾಯವಾಗಿತ್ತು. ಕಾರ್ಖಾನೆಯಲ್ಲಿ ಪಕ್ಕಕ್ಕೊಂದು ಅಸಲಿ ಮಾದರಿ ಇಟ್ಟುಕೊಳ್ಳದೆ ಯಾವುದನ್ನೂ ಪರೀಕ್ಷಿಸುವ ಹಾಗಿರಲಿಲ್ಲ.

"ನಿಜ, ನನ್ನದೇ ತಪ್ಪು," ಎಂದು ತನ್ನ ಕತ್ತಿನ ಸರ ಬಿಚ್ಚಿದಳು.

"ಉಜ್ಜು, ಉಜ್ಜು! ಚಿನ್ನ ಅಂದ್ರೆ ಏನು ಅಂತ ಇವನೂ ಒಂದ್ಸಲ ನೋಡಲಿ," ಎಂದು ಅತ್ತೆ ಹುಮ್ಮಸ್ಸಿನಿಂದ ತಾನೇ ಎಣಿಸತೊಡಗಿದಳು. ನೂರಾಯಿತು, ಇನ್ನೂರಾಯಿತು. ಮುನ್ನೂರಕ್ಕೆ ಅಂಗಡಿಯವನ ತಲೆ ತಗ್ಗಿತು, ಅತ್ತೆಯ ದನಿ ಬೀದಿಗೆ ಕೇಳುವಷ್ಟು ಏರಿತು. "ನಾನೂರ ಹತ್ತು... ನಾನೂರ ಹನ್ನೊಂದು..."

ನಾನೂರ ಹನ್ನೆರಡನ್ನು ಯಾರೂ ಹೇಳಲಿಲ್ಲ. ಕೊಂಡಿಯ ಹಿಂದೆ ಸಾಸಿವೆ ಕಾಳಿನಷ್ಟು ತಾಮ್ರ ಕಾಣುತ್ತಿತ್ತು.

ಮೊದಲು ಎಚ್ಚೆತ್ತವನು ಅಂಗಡಿಯವ. ಸರವನ್ನು ಕಿತ್ತುಕೊಂಡು, ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದ. ಆಮೇಲೆ ಸರವನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. "ಅಬ್ಬಬ್ಬಾ! ನಾನೂರ ಹನ್ನೊಂದು! ಇದಪ್ಪ ಲೇಪ ಅಂದ್ರೆ! ಎಷ್ಟು ವರ್ಷದ್ದು ಅಜ್ಜೀ ಇದು?"

"ನನ್ನ ಕತ್ತಲ್ಲಿ ಮೂವತ್ತು, ಇವಳ ಕತ್ತಲ್ಲಿ ಇಪ್ಪತ್ತೇಳು." ಅತ್ತೆಯ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಐವತ್ತೇಳು ವರ್ಷ! ಯಾವ ಅಂಗಡೀಲಿ ತಗೊಂಡಿದ್ದು? ಏನಂತ ಗ್ಯಾರಂಟಿ ಕೊಟ್ಟಿದ್ರು?"

"ಅಂಗಡಿ ಎಲ್ಲಿಂದ ಬಂತು? ನಮ್ಮತ್ತೆ ಕೊಟ್ಟಿದ್ದು. ಬಾಯ್ಮುಚ್ಕೊಂಡು ಹಾಕ್ಕೋ ಅಂದಿದ್ರು." ಹಾಗೆನ್ನುತ್ತಲೇ ಅತ್ತೆ ಎರಡೂ ಕೈಯಿಂದ ತನ್ನ ಬರಿಯ ಕತ್ತನ್ನು ಪರಪರ ಕೆರೆದುಕೊಳ್ಳತೊಡಗಿದಳು.

ಸೊಸೆಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. "ಮಗಳಿಗೆ ಏನು ಕೊಡ್ಲಿ ಅತ್ತೆ ನಾನು? ಇದೊಂದನ್ನೇ ನೆಚ್ಚಿಕೊಂಡಿದ್ನಲ್ಲ! ಬೀಗರಿಗೂ ಹೇಳಿಬಿಟ್ಟಿದ್ದೀನಿ."

"ನನಗೆ ಮಾತ್ರ ಗೊತ್ತಿತ್ತೇನೇ? ಇದನ್ನ ನಿನ್ನ ಕತ್ತಿಗೆ ಹಾಕಿದ ಮೇಲೆ ಒಂದು ವಾರ ಊಟ ಸೇರಲಿಲ್ಲ ನನಗೆ. ಅಷ್ಟು ಸಂಕಟಪಟ್ಟು ಕೊಟ್ಟಿದ್ದೀನಿ. ಸಂಕಟವಾದ್ರೂ ಅಸಲಿ ಕಣೇ."

ಇಬ್ಬರೂ ಸೆರಗಿನಿಂದ ಮೂಗು ಒರೆಸಿಕೊಂಡರು.

"ಅಯ್ಯೋ, ಅಳೋದ್ಯಾಕೆ?" ಎಂದು ಅಂಗಡಿಯವ ಸರವನ್ನು ಸೊಸೆಯ ಮುಂದಿಟ್ಟ. ಗಿರಾಕಿ ಅತ್ತರೆ ವ್ಯಾಪಾರ ಕುದುರುತ್ತದೆಂದು ಅವನಿಗೆ ಅನುಭವದಿಂದ ಗೊತ್ತಿತ್ತು. "ಒಳಗೆ ಲೇಪ ಹಾಕೋ ತೊಟ್ಟಿ ಇದೆ. ಒಂದು ಗಳಿಗೆ ಮುಳುಗಿಸಿ ತೆಗೆದ್ರೆ ಆಯ್ತು, ನಿಮ್ಮ ಬೀಗರಲ್ಲ, ಅವರಪ್ಪ ಬಂದ್ರೂ ಕಂಡುಹಿಡಿಯಲ್ಲ. ಆದ್ರೆ ದಪ್ಪ ನೀವೇ ಹೇಳಬೇಕು. ಎಷ್ಟು ವರ್ಷ ಬಾಳಿಕೆ ಬರಬೇಕು?"

ಅತ್ತೆ ಸೊಸೆಯ ಮುಖ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಕೆಟ್ಟ ನಲ್ಲಿಯನ್ನೂ ದಾಟಗೊಡದ ಸೊಸೆ ತಾಮ್ರದ ಚುಕ್ಕೆಯನ್ನು ಹೆಬ್ಬೆರಳಿಟ್ಟು ಮುಚ್ಚಿದಳು. ಆಮೇಲೆ ಸರವನ್ನು ಅವನ ಕೈಗೆ ಕೊಟ್ಟಳು.

"ನನ್ನ ಮಗಳಿಗೆ ಒಬ್ಬ ಸೊಸೆ ಬರೋವರೆಗೆ," ಎಂದಳು.