ಬಾರ್ ಸೀನು

ಗುರುಪಾದ ಎರಡು ತಿಂಗಳಿಂದ ಒಂದು ಸಿನಿಮಾದ ಬಾರ್ ದೃಶ್ಯಗಳಲ್ಲಿ ಕುಡುಕನ ಪಾತ್ರ ಮಾಡುತ್ತಿದ್ದ. ಸಂಜೆ ಮನೆಗೆ ಬರುವಾಗ ತೂರಾಡುತ್ತಿದ್ದ. ಮಾತು ತೊದಲುತ್ತಿತ್ತು, ಊಟಕ್ಕೆ ಕೂತರೆ ಕೈಯಿಂದ ಲೋಟ ಜಾರುತ್ತಿತ್ತು.

"ಶೂಟಿಂಗಲ್ಲಿ ನಿಜವಾಗ್ಲೂ ಕುಡಿಸ್ತಾರೆ ಕಣೇ. ಫಾರಿನ್ ಮಾಲು, ವಾಸನೇನೇ ಬರಲ್ಲ" ಅನ್ನುತ್ತಿದ್ದ.

ಹೆಂಡತಿ ವನಜಾಕ್ಷಿ ಮೊದಮೊದಲು ಜಗಳವಾಡಿದಳು. ಆಮೇಲೆ ಮಾತು ಬಿಟ್ಟಳು. ಬರಬರುತ್ತಾ ಅವಳಿಗೆ ಸಿಟ್ಟು ಬರುವುದೂ ನಿಂತಿತು. ಒಂದು ದಿನ ತವರಿಗೆ ಹೊರಡಲು ಬಟ್ಟೆಗಂಟು ಕಟ್ಟಿಕೊಂಡು, ದಾರಿಯಲ್ಲಿ ಸ್ಟುಡಿಯೋ ಹತ್ತಿರ ಇಳಿದಳು.

ಬಣ್ಣದ ದೀಪ, ಸಾಲು ಬಾಟಲಿಗಳಿಂದ ಸೆಟ್ಟು ನಿಜವಾದ ಬಾರಿನಂತೆಯೇ ಕಾಣುತ್ತಿತ್ತು. ಶಾಟ್ ಇನ್ನೂ ಶುರುವಾಗಿರಲಿಲ್ಲ. ಸಹಾಯಕ ನಿರ್ದೇಶಕನೊಬ್ಬ ಎದುರಾದ.

"ನನ್ನ ಗಂಡ ಗುರುಪಾದನಿಗೆ ದಿನಾ ಯಾಕ್ರೀ ಕುಡಿಸ್ತೀರ?" ಅವಳ ದನಿ ಏರಲಿಲ್ಲ.

ಅವನು ನಕ್ಕು, ಮೇಜಿನ ಮೇಲಿದ್ದ ಗ್ಲಾಸನ್ನು ಅವಳ ಕೈಗೆ ಕೊಟ್ಟ. "ನೀವೇ ಕುಡಿದು ನೋಡಿ ಅಕ್ಕ."

ಅವಳು ಒಂದು ಗುಟುಕು ಕುಡಿದಳು. ಹಾಲು, ಸಕ್ಕರೆ ಇಲ್ಲದ ತಣ್ಣನೆಯ ಟೀ.

"ಇಲ್ಲಿರೋ ಎಲ್ಲಾ ಬಾಟಲೀಲೂ ಇದೇ ಇರೋದು" ಅಂದ ಅವನು.

"ಹಂಗಾದ್ರೆ ಮನೇಗೆ ಬಂದು ಯಾಕೆ ಬೀಳ್ತಾರೆ? ದಾರೀಲಿ ಕುಡೀತಾರಾ?"

ಅವನ ನಗು ಮಾಯವಾಯಿತು. "ಇಲ್ಲೂ ಬೀಳ್ತಾರಲ್ಲಕ್ಕ. ನಾವೇ ಹಿಡ್ಕೊಂಡು ಕೂರಿಸ್ತೀವಿ."

ವನಜಾಕ್ಷಿ ಗ್ಲಾಸು ಹಿಡಿದುಕೊಂಡೇ ನಿಂತಿದ್ದಳು.

"ನರದ ಕಾಯಿಲೆ, ವಾಸಿಯಾಗಲ್ಲ ಅಂತ ಡಾಕ್ಟ್ರು ಹೇಳಿರೋದು ಮನೇಲಿ ಗೊತ್ತು ಅಂದಿದ್ರಲ್ಲಕ್ಕ ಅವ್ರು?"