ಬೆನ್ನ ಹಿಂದಿನ ಕುರ್ಚಿ

ಅವನು ಚಪ್ಪಾಳೆ ತಟ್ಟಲಿಲ್ಲ.

ಎರಡನೆಯ ಸಾಲಿನ ಕೊನೆಯ ಕುರ್ಚಿ. ಸುತ್ತಲಿನವರೆಲ್ಲ ಎದ್ದು ಹಳದಿ ಟೋಪಿ ಬೀಸುತ್ತಿದ್ದರೆ ಇವನೊಬ್ಬ ಎರಡೂ ಕೈಗಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಹಲ್ಲುನೋವಿನವನಂತೆ ಕೂತಿದ್ದ. ಅವನ ಟೋಪಿ ತಲೆಯ ಮೇಲಿರಲಿಲ್ಲ, ಕುರ್ಚಿಯ ಕೆಳಗಿತ್ತು. ಡಾರ್ಲೀನ್ ಕ್ರೌಡರ್‌ಳ ಕಣ್ಣು ಅವನ ಮೇಲೇ ನೆಟ್ಟಿತು.

ಮಧ್ಯಂತರ ಚುನಾವಣೆ ಹತ್ತಿರವಾಗಿತ್ತು. ಅಧ್ಯಕ್ಷರ ಪದವಿಗೆ ಈ ಸಲ ಮತದಾನವಿಲ್ಲ, ಸಂಸತ್ತಿನ ಸ್ಥಾನಗಳಿಗಷ್ಟೇ. ಆದರೂ ಒಹಾಯೊದ ಆ ಸಣ್ಣ ವಿಮಾನ ನಿಲ್ದಾಣದ ಶೆಡ್ಡಿನಲ್ಲಿ ಎತ್ತ ನೋಡಿದರೂ ಅಧ್ಯಕ್ಷರ ಮುಖವೇ. ಡಾರ್ಲೀನ್‌ಗೆ ಬೇಕಾಗಿದ್ದ ಮುಖವೂ ಅದೊಂದೇ. ಕೆಂಟಕಿಯ ಮನೆಗೆ ಬೀಗ ಜಡಿದು, ಅವರ ಸಭೆ ಎಲ್ಲೆಲ್ಲಿ ನಡೆಯುತ್ತದೋ ಅಲ್ಲೆಲ್ಲ ಕಾರಿನಲ್ಲೇ ಮಲಗಿ ಎದ್ದು ಬರುವವಳು ಅವಳು. ಗಂಟಲು ಕೆರೆದು, ಗಲ್ಲ ಎತ್ತಿ, "ಹೌದೋ, ಅಲ್ವೋ?" ಎಂದು ಅವರಂತೆಯೇ ಗುಡುಗಿ, ಸಾಲಿನಲ್ಲಿ ನಿಂತವರನ್ನು ನಗಿಸುತ್ತಿದ್ದಳು. ಆ ಉತ್ಸಾಹ ನೋಡಿಯೇ ವೇದಿಕೆಯ ಹಿಂದಿನ ಆಸನಗಳ ಸ್ಟ್ಯಾಂಡನ್ನು ಅವಳ ಸುಪರ್ದಿಗೆ ಕೊಟ್ಟಿದ್ದರು. ಭಾಷಣದುದ್ದಕ್ಕೂ ಟೀವಿಯಲ್ಲಿ ಕಾಣುವುದು ಆ ಸ್ಟ್ಯಾಂಡಿನ ಮುಖಗಳೇ. ಅಲ್ಲಿ ಕೂತವರೆಲ್ಲ ಅವಳಂತೆಯೇ ಊರೂರು ಅಲೆಯುವವರು. ಹಿಂದೆ ಕೂತವರೂ ಹೌದು, ಹಿಂಬಾಲಕರೂ ಹೌದು.

ಕಳೆದ ವಾರದ ಸಭೆಯಲ್ಲಿ ಇಂಥದೇ ಸ್ಟ್ಯಾಂಡಿನಿಂದ ಒಬ್ಬ ಅಧ್ಯಕ್ಷರ ತಲೆಯ ಮೇಲೆಯೇ ಕಾಣುವಂತೆ 'ಸುಳ್ಳ' ಎಂಬ ಫಲಕ ಎತ್ತಿಬಿಟ್ಟಿದ್ದ. ಸಭೆಯ ಉಸ್ತುವಾರಿಯವರು ಡಾರ್ಲೀನ್‌ಳನ್ನು ಕರೆದು ಹೇಳಿದ್ದರು: "ಇನ್ನೊಂದ್ಸಲ ಹೀಗಾದ್ರೆ ಟೋಪಿ ಇಲ್ಲಿಟ್ಟು ಮನೆಗೆ ಹೋಗಿ. ಮುಂದಿನ ಸಭೆಗೆ ಗೇಟಿನೊಳಗೂ ಬಿಡಲ್ಲ."

ಗೇಟಿನ ಹೊರಗೆ ಅವಳಿಗೆ ಬದುಕೇ ಇರಲಿಲ್ಲ.

ಮುಂದಿನ ಜೈಕಾರ ಎದ್ದೊಡನೆ ಆ ಗದ್ದಲದ ಮರೆಯಲ್ಲಿ ಅವಳು ಅವನ ಪಕ್ಕಕ್ಕೆ ಸರಿದು ಕೂತಳು.

"ಯಾಕ್ ಸಾರ್, ಕೈಗೇನಾಗಿದೆ?"

"ಕೈ ಚೆನ್ನಾಗೇ ಇದೆ ಮೇಡಂ. ನಾನು ಕ್ಯಾಮೆರಾದಲ್ಲಿ ಕಾಣ್ತಿದೀನಾ?"

"ಕಾಣ್ದೆ ಏನು! ಅಧ್ಯಕ್ಷರ ಭುಜದ ಮೇಲೆ ತಲೆ ಇಟ್ಟು ಮಲಗಿರೋ ಹಾಗೆ ಕಾಣ್ತಿದೀರ."

"ಅಯ್ಯೋ ದೇವ್ರೇ." ಅವನು ಹಣೆಯ ಬೆವರು ಒರೆಸಿಕೊಂಡ.

"ಟೋಪಿ ಹಾಕ್ಕೊಳ್ಳಿ."

"ಅದನ್ನ ಹಾಕ್ಕೊಂಡಿರೋ ಫೋಟೋ ಒಂದು ಹೊರಗೆ ಹೋದ್ರೆ ನನ್ನ ಕಥೆ ಮುಗೀತು. ವಾಷಿಂಗ್ ಮಷೀನ್ ಕಾರ್ಖಾನೆ ಮುಚ್ಚಿಸಿದ್ದು ಈ ಅಧ್ಯಕ್ಷರೇ ಅಂತ ಈ ಊರಿನೋರು ಹಲ್ಲು ಕಡೀತಿದಾರೆ."

"ಅದೆಲ್ಲ ಪತ್ರಿಕೆಯೋರ ಕಟ್ಟುಕಥೆ! ಅಷ್ಟು ಭಯ ಇದ್ದೋರು ಯಾಕೆ ಬಂದ್ರಿ?"

"ಬರದೇ ವಿಧಿ ಇರ್ಲಿಲ್ಲ. ಇಲ್ಲೇ ಕೂರು ಅಂತ ಮೇಲಿನೋರು ಅಂದ್ರು."

ನುಸುಳಿ ಬಂದವರೆಲ್ಲ ಹಾಡುವ ಹಾಡು ಅದು. "ಈ ಸ್ಟ್ಯಾಂಡಿಗೆ ಮೇಲಿನೋರೂ ನಾನೇ, ಕೆಳಗಿನೋರೂ ನಾನೇ," ಎಂದಳು ಡಾರ್ಲೀನ್.

ಅವನು ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ. ಕಣ್ಣಲ್ಲಿ ಏನೋ ಮಿನುಗಿತು. "ಹೌದಾ? ಹಾಗಾದ್ರೆ ಒಬ್ಬನ್ನ ಇಲ್ಲಿಂದ ಎಬ್ಬಿಸಿ ಆಚೆ ಕಳಿಸ್ಬೇಕು ಅಂದ್ರೆ ಅವನು ಏನ್ ಮಾಡಿರ್ಬೇಕು?"

"ಅಣಕಿಸಿ ಒಂದೇ ಒಂದು 'ಬೂ' ಅಂದ್ರೂ ಸಾಕು. ಎರಡನೇ 'ಬೂ' ಪಾರ್ಕಿಂಗ್ ಜಾಗದಲ್ಲಿ ಅನ್ಬೇಕಾಗತ್ತೆ."

ಅವನು ತಲೆಯಾಡಿಸಿದ. ಹೆದರಿದ ಎಂದುಕೊಂಡಳು. ಆದರೂ ಮೆಟ್ಟಿಲ ಬಳಿಯ ಕಾವಲುಗಾರ ಬಾಯ್ಡ್‌ಗೆ ಕಣ್ಸನ್ನೆ ಮಾಡಿಯೇ ತನ್ನ ಜಾಗಕ್ಕೆ ಮರಳಿದಳು.

ಅಧ್ಯಕ್ಷರು ಗಂಟಲು ಕೆರೆದರು. ಗಲ್ಲ ಮೇಲೆದ್ದಿತು. "ಈ ಊರಿಗೆ ನಾನು ಒಳ್ಳೇದು ಮಾಡಿದೀನಿ. ಹೌದೋ, ಅಲ್ವೋ?"

ಜನ ಉತ್ತರಿಸಲು ಉಸಿರೆಳೆದುಕೊಂಡ ಆ ಗಳಿಗೆಯಲ್ಲಿ, ಎರಡೂ ಕೈಗಳನ್ನು ಬಾಯಿಗೆ ಬೊಗಸೆ ಹಿಡಿದು ಅವನು ಕೂಗಿದ:

"ಬೂ...!"

ಶೆಡ್ಡಿನ ತಲೆಗಳೆಲ್ಲ ಸ್ಟ್ಯಾಂಡಿನತ್ತ ತಿರುಗಿದವು. ಅಧ್ಯಕ್ಷರು ಹಿಂತಿರುಗಿ ನೋಡಲೂ ಇಲ್ಲ. ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿ ಗುಡುಗಿದರು: "ಆಚೆ ಹಾಕಿ ಅವನ್ನ! ಹೌದೋ, ಅಲ್ವೋ?"

"ಹೌದು!" ಎಂದಿತು ಜನ.

ಬಾಯ್ಡ್ ಆಗಲೇ ಅವನ ರಟ್ಟೆಗೆ ಕೈಹಾಕಿದ್ದ. ಅವನು ಕೊಸರಾಡಲಿಲ್ಲ. "ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಪ್ಪಾ," ಎಂದ. "ಪತ್ರಿಕೆಯೋರು ಆ ಬಾಗಿಲ ಹತ್ರ ಇದಾರೆ, ಆ ಕಡೆಯಿಂದಲೇ ಎಳ್ಕೊಂಡು ಹೋಗು."

"ತಲೆ ಸರಿ ಇದೆಯೇನ್ರೀ ನಿಮ್ಗೆ?" ಎಂದ ಬಾಯ್ಡ್.

ಡಾರ್ಲೀನ್‌ಳನ್ನು ದಾಟುವಾಗ ಅವನು ಮೆಲ್ಲಗೆ ಹೇಳಿದ: "ಈ ಉಪಕಾರ ಸಾಯೋವರೆಗೂ ಮರೆಯಲ್ಲ ಮೇಡಂ."

ಎಂಥ ಕೊಂಕು! ಅವಳು ಹಲ್ಲು ಕಚ್ಚಿದಳು. ಬಾಗಿಲ ಬಳಿ ಕ್ಯಾಮೆರಾಗಳು ಮಿಂಚಿದವು. ಬಾಗಿಲು ಮುಚ್ಚಿತು.

ಆದರೆ ಶೆಡ್ಡಿನ ದೊಡ್ಡ ಟೀವಿ ಪರದೆಯಲ್ಲಿ ಅಧ್ಯಕ್ಷರ ಭುಜದ ಪಕ್ಕದಲ್ಲೇ ಖಾಲಿ ಕುರ್ಚಿ, ಮುರಿದ ಹಲ್ಲಿನ ಜಾಗದಂತೆ ಬಾಯಿಬಿಟ್ಟಿತ್ತು. ಅವಳು ಯೋಚಿಸಲಿಲ್ಲ. ಬಗ್ಗಿ ಓಡಿಹೋಗಿ ತಾನೇ ಅದರಲ್ಲಿ ಕೂತು, ಹಲ್ಲೆಲ್ಲ ಕಾಣುವಂತೆ ನಕ್ಕು, ಚಪ್ಪಾಳೆ ತಟ್ಟಿದಳು. ಸ್ಟ್ಯಾಂಡು ತುಂಬಿತು. ದೂರದಲ್ಲಿ ಉಸ್ತುವಾರಿಯವರು ಹೆಬ್ಬೆರಳು ಎತ್ತಿ ತೋರಿಸಿದರು. ಇನ್ನು ಯಾವ ಗೇಟೂ ಅವಳಿಗೆ ಮುಚ್ಚುವುದಿಲ್ಲ.

ಭಾಷಣ ಮುಗಿಯುತ್ತ ಬಂತು. ಅಧ್ಯಕ್ಷರು ಭಾಷಣದ ಸಾಲುಗಳು ಮೂಡುವ ಎದುರಿನ ಪರದೆ ನೋಡಿ ಓದಿದರು: "ಇವತ್ತು ನಾನು ಇಷ್ಟು ದೂರ ಬಂದಿರೋದು ಒಬ್ಬರಿಗೋಸ್ಕರ." ಆಮೇಲೆ ತಿರುಗಿ ಬೆರಳು ಚಾಚಿದರು. ಎರಡನೆಯ ಸಾಲು. ಕೊನೆಯ ಕುರ್ಚಿ.

ನೇರ ಅವಳತ್ತ.

ಎಲ್ಲ ಕ್ಯಾಮೆರಾಗಳೂ ತಿರುಗಿದವು. ಡಾರ್ಲೀನ್ ಕಣ್ಣು ತುಂಬಿಕೊಂಡು, ಎದೆಯ ಮೇಲೆ ಕೈಯಿಟ್ಟು ಎದ್ದು ನಿಂತಳು.

ಅಧ್ಯಕ್ಷರು ಅವಳನ್ನು ನೋಡಿದರು, ಪರದೆಯನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು, ಅಷ್ಟರಲ್ಲಿ ಓದುವ ಬಾಯಿ ತನ್ನ ಪಾಡಿಗೆ ಓದಿ ಮುಗಿಸಿತ್ತು: "ಬಾರಪ್ಪಾ ಮುಂದೆ, ನನ್ನ ತಮ್ಮನಂಥ ಗೆಳೆಯ, ಈ ಕ್ಷೇತ್ರದ ನಮ್ಮ ಅಭ್ಯರ್ಥಿ!"