ಎರಡು ತಾಸಿನ ನಗು

ಸೂಜಿ ಮಾಡಿಸಿಕೊಂಡು ಕೂತಿದ್ದ ಭಾನುಮತಿಯ ಎಡಗಣ್ಣಿನ ರೆಪ್ಪೆ ಮೆಲ್ಲಗೆ ಮೇಲೆದ್ದಿತು. ಬೆನ್ನಿಗೇ ಬಲಗಣ್ಣಿನದೂ. ಎದುರಿಗೆ ನಿಂತಿದ್ದ ಗಂಡ ಅರವಿಂದ ಬಾಗಿ ನೋಡಿದ.

"ಈಗ ನಗ್ರಿ ನೋಡೋಣ," ಎಂದರು ಡಾಕ್ಟರ್ ಅಲಕಾ.

ಭಾನುಮತಿ ನಕ್ಕಳು. ಕೆನ್ನೆ ಉಬ್ಬಿ, ಕಣ್ಣು ಕಿರಿದಾಗಿ, ಹಳೆಯ ಮುಖ ಮರಳಿ ಬಂತು. ಧಾರವಾಡದಲ್ಲಿ ಮದುವೆಯ ದಿನ ಗಂಡನ ಹೆಸರಿಟ್ಟು ಒಡಪು ಹೇಳು ಎಂದು ಹೆಂಗಸರು ಕಾಡಿದಾಗ, ಅರ್ಧ ಹೇಳುವಷ್ಟರಲ್ಲಿ ನಗು ತಡೆಯಲಾರದೆ ಅವನ ಹೆಗಲಿಗೇ ಹಣೆ ಆನಿಸಿದವಳು ಇವಳು. ಅಡುಗೆಯವರು ಸಹ ಸೌಟು ಹಿಡಿದೇ ಹೊರಬಂದು ನೋಡಿದ್ದರು. ಎಂಬತ್ತಾರನೇ ಇಸವಿಯಲ್ಲಿ ಅವನ ಬ್ಯಾಂಕಿನ ವರ್ಗಾವಣೆಯಿಂದ ನಾಸಿಕಕ್ಕೆ ಬಂದು, ಮಗಳು ವೈಜೂ ಹುಟ್ಟಿದ ಮೇಲೆ ಆ ನಗು ನಿಂತೇಹೋಯಿತು. ರೆಪ್ಪೆ ಜೋತವು. ಮಾತು ಮೂಗಿನಲ್ಲಿ ಬರತೊಡಗಿತು. ನಗಲು ಹೋದರೆ ಹಲ್ಲು ಕಚ್ಚಿದಂತೆ ಕಾಣುತ್ತಿತ್ತು. ಊರು ಬಿಡಿಸಿ ಕರೆತಂದ ಸಿಟ್ಟು ಎಂದುಕೊಂಡು ಅರವಿಂದನೂ ಮಾತು ಕಡಿಮೆ ಮಾಡಿದ್ದ.

ಅಲಕಾ ಔರಂಗಾಬಾದಿನಲ್ಲಿ ಸ್ನಾಯುರೋಗಗಳ ಸಂಶೋಧನೆ ಮಾಡುತ್ತಿದ್ದವರು. ಬೀದರ ಕಡೆಯವರು. ತಿಂಗಳಿಗೊಮ್ಮೆ ನಾಸಿಕಕ್ಕೆ ಬಂದು ರೋಗಿಗಳನ್ನು ನೋಡುತ್ತಿದ್ದರು. "ಸ್ನಾಯು ಚಲೋ ಅದಾವ್ರಿ. ನರ ಹೇಳಿದ್ದು ಅವಕ್ಕ ಮುಟ್ಟವಲ್ದು, ಅಷ್ಟೇ. ಈ ಸೂಜಿ ಬರೇ ಪರೀಕ್ಷಾಕ್ಕ, ಎರಡು ತಾಸಿನ್ಯಾಗ ಇಳೀತದ. ಗುಳಿಗಿ ಕೊಡ್ತೀನಿ. ಇವತ್ತ ಸಂಜೀಲಿಂದ ತಗೋರಿ, ದಿನಾ ಹಿಂಗ ಇರಬಹುದು."

ಭಾನುಮತಿ ಆಗಲೇ ಎದ್ದು ಚಪ್ಪಲಿ ಮೆಟ್ಟಿದ್ದಳು. "ನಡೀರಿ, ವೈಜೂಗ ತೋರಸಬೇಕು. ಅಕಿ ನನ್ನ ನಗೀನ ನೋಡಿಲ್ಲ."

ರಿಕ್ಷಾದಲ್ಲಿ ಅವಳ ಮಾತು ನಿಲ್ಲಲಿಲ್ಲ. ಗೋದಾವರಿಯ ನೀರು, ಕೈಗಾಡಿಯ ದ್ರಾಕ್ಷಿ, ಮುಂದೆ ಹೋಗುವವರ ಸೀರೆಯ ಬಣ್ಣ, ಎಲ್ಲದಕ್ಕೂ ಮಾತು. ಪಂಚವಟಿ ಹತ್ತಿರ ಬಂದಾಗ ಥಟ್ಟನೆ ಅವನತ್ತ ತಿರುಗಿದಳು.

"ನನಗ ಸಿಟ್ಟಿರಲಿಲ್ರಿ."

"ಗೊತ್ತಾತು," ಎಂದ ಅರವಿಂದ. ಅವಳ ಕೈ ಹಿಡಿದುಕೊಂಡ.

ಎರಡು ವರ್ಷ ತುಂಬುತ್ತಿದ್ದ ವೈಜೂ ಕೆಳಮನೆಯ ರಾಧಾಬಾಯಿಯ ಹತ್ತಿರ ಆಡುತ್ತಿದ್ದಳು. ಭಾನುಮತಿ ಹೊಸ್ತಿಲಲ್ಲೇ ಕುಕ್ಕರಿಸಿ, ಎರಡೂ ಕೈ ಚಾಚಿ, ಬಾಯಿ ತುಂಬ ನಕ್ಕಳು. ರಾಧಾಬಾಯಿ "ಅಗಬಾಯಿ!" ಎಂದು ಗಲ್ಲಕ್ಕೆ ಕೈ ಇಟ್ಟುಕೊಂಡಳು. ಮಗು ಆ ಅರಳಿದ ಕಣ್ಣು, ಆ ಹಲ್ಲುಗಳನ್ನು ನೋಡಿತು. ಅದರ ತುಟಿ ನಡುಗಿತು. ರಾಧಾಬಾಯಿಯ ಸೀರೆಯ ಹಿಂದೆ ಸರಿದು, ಯಾರಿವಳು ಎಂದು ಮರಾಠಿಯಲ್ಲಿ ಕೇಳಿತು: "ಹೀ ಕೋಣ?"

"ವೈಜೂ, ನಾನು ನಿನ್ನ ಆಯಿ!" ಎಂದಳು ಭಾನುಮತಿ, ಮಗು ಅವ್ವನನ್ನು ಕರೆಯುವ ಮರಾಠಿ ಮಾತಿನಲ್ಲೇ.

ಧ್ವನಿಯೂ ಬೇರೆಯದೇ ಆಗಿತ್ತು. ತನಗೆ ಆಯಿ ಬೇಕೆಂದು ಮಗು ಚೀರಿ ಅಳತೊಡಗಿತು. ಭಾನುಮತಿ ಚಪ್ಪಾಳೆ ತಟ್ಟಿದಳು, ಹಾಡಿದಳು, ಸೆರಗಿನಲ್ಲಿ ಮುಖ ಮುಚ್ಚಿ ತೆರೆದಳು. ತೆರೆದಷ್ಟೂ ಅಳು ಹೆಚ್ಚಾಯಿತು. ಅರವಿಂದ ಎತ್ತಿಕೊಂಡು ಮೇಲಿನ ತಮ್ಮ ಮನೆಗೆ ಬಂದರೂ ವೈಜೂ ಅವನ ಕುತ್ತಿಗೆ ಬಿಡಲಿಲ್ಲ, ಅವ್ವನ ಕಡೆ ನೋಡಲೂ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಸೂಜಿಯ ಬಲ ಇಳಿಯಿತು. ರೆಪ್ಪೆ ಮತ್ತೆ ಜೋತವು, ಕೆನ್ನೆ ಸಡಿಲಾಯಿತು. ಭಾನುಮತಿ ಗೋಡೆಗೆ ಒರಗಿ ಕೂತಳು. ವೈಜೂ ಅಪ್ಪನ ಹೆಗಲಿನಿಂದ ಜಾರಿ ಇಳಿದಳು. ಒಂದೊಂದೇ ಹೆಜ್ಜೆ ಹತ್ತಿರ ಹೋಗಿ ಆ ಮುಖವನ್ನು ಅಂಗೈಯಿಂದ ಸವರಿ ನೋಡಿದಳು. "ಆಯಿ ಆಲೀ," ಅಂದಳು, ಎಲ್ಲೋ ಹೋಗಿದ್ದ ತಾಯಿ ಬಂದಳೆಂಬಂತೆ. ತೊಡೆ ಹತ್ತಿ ಮಲಗಿದಳು.

ಅರವಿಂದ ಗುಳಿಗೆ, ನೀರಿನ ಲೋಟ ತಂದು ಹಿಡಿದ.

ಭಾನುಮತಿ ಮಗಳ ಬೆನ್ನು ತಟ್ಟುತ್ತಲೇ ತಲೆ ಅಲ್ಲಾಡಿಸಿದಳು. "ಸ್ವಲ್ಪ ತಡೀರಿ," ಎಂದಳು, ಮೂಗಿನಲ್ಲಿ. "ಇಕಿಗಿ ನಿದ್ದಿ ಹತ್ತಲಿ."